ಪಕ್ಕದ ಮನೆಯ ಅಕ್ಕ ಆರಿಸಿದ ಕನೆಕ್ಟರ್

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ವಾರವೆಲ್ಲ ಸುಡುನೀರಿನಲ್ಲಿ ಬೆರಳಾಡಿಸಿ ರೇಷ್ಮೆಗೂಡಿನಿಂದ ಎಳೆ ತೆಗೆಯುತ್ತಿದ್ದರು. ಭಾನುವಾರ ಬಂದರೆ ಬತ್ತಿದ ಕೆರೆಯಂಗಳದಲ್ಲಿ ನಮ್ಮ ಜೊತೆ ರಿಮೋಟ್ ಕಾರು ಓಡಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ರಿಮೋಟ್ ಹಿಡಿದರೆ ಗಂಡಸರೆಲ್ಲ ಹಿಂದೆ.

ನನ್ನ ಕಾರಿನ ಬ್ಯಾಟರಿಗೂ ಮೋಟಾರಿನ ವೈರಿಗೂ ನಡುವೆ ಸೇರಿಸಿ ಬಿಡಿಸುವ ಕನೆಕ್ಟರ್ ಆರಿಸಿದ್ದೂ ಅವರೇ. ಅಂಗಡಿಯಲ್ಲಿ ನಾನು ಬಿಗಿಯಾಗಿ ಕಚ್ಚಿಕೊಳ್ಳುವ ಒಂದನ್ನು ಎತ್ತಿಕೊಂಡಿದ್ದೆ. ಅವರು ಒಂದೊಂದನ್ನೂ ಸೇರಿಸಿ, ಎಳೆದು, ಬಿಡಿಸಿ ನೋಡಿದರು.

"ಸೇರೋದನ್ನ ಎಲ್ರೂ ನೋಡ್ತಾರೆ ಕಣಪ್ಪ. ಬಿಡೋದನ್ನ ನೋಡ್ಬೇಕು."

ಮನೆಯ ಮಿಕ್ಸಿ ಪ್ಲಗ್ಗಿಗೂ ಇದೇ ಮಾತು ಹೇಳುವವರು. ಕೊನೆಗೆ ಹಿಡಿಯಲು ಬದಿಯಲ್ಲಿ ಗೀರುಗಳಿದ್ದ ಹಳದಿಯದೊಂದನ್ನು ನನ್ನ ಕೈಗಿಟ್ಟರು.

ಒಂದು ಭಾನುವಾರ ನನ್ನ ಕಾರಿನ ಚಕ್ರಕ್ಕೆ ಹುಲ್ಲು ಸುತ್ತಿಕೊಂಡು ಮೋಟಾರು ನಿಂತೇಹೋಯಿತು. ಕರೆಂಟು ಮಾತ್ರ ಹರಿಯುತ್ತಲೇ ಇದ್ದು ವೈರು ಕಾದು ಹೊಗೆ ಎದ್ದಿತು. ಇನ್ನೊಂದು ಗಳಿಗೆ ಕಳೆದಿದ್ದರೆ ಬ್ಯಾಟರಿಯೇ ಹೊತ್ತಿಕೊಳ್ಳುತ್ತಿತ್ತು.

"ಹತ್ರ ಹೋಗ್ಬೇಡಿ ಅಕ್ಕ, ಹತ್ಕೊಂಡ್ಬಿಡ್ತೈತೆ!" ಎಂದು ಕೂಗುತ್ತ ನಾವೆಲ್ಲ ಹಿಂದೆ ಸರಿದೆವು.

ಅವರು ಕುಕ್ಕರಗಾಲಲ್ಲಿ ಕೂತರು. ಹೊಗೆಯೊಳಗೆ ಕೈ ಹಾಕಿ, ಸುಡುತ್ತಿದ್ದ ಕನೆಕ್ಟರಿನ ಗೀರುಗಳನ್ನು ಬೆರಳಲ್ಲೇ ಹುಡುಕಿ ಹಿಡಿದು, ನೀರಿನಿಂದ ಎಳೆ ಎತ್ತುವಷ್ಟೇ ನಿಧಾನವಾಗಿ ಎಳೆದರು. ಅದು ಬಿಟ್ಟುಕೊಂಡಿತು. ಹೊಗೆ ನಿಂತಿತು.

ನಾನು ಓಡಿಹೋಗಿ ಅವರ ಕೈ ತಿರುಗಿಸಿ ನೋಡಿದೆ. ಬೆರಳ ತುದಿಗಳು ಎಂದಿನಂತೆ ಬೆಳ್ಳಗೆ, ಸುಕ್ಕಾಗಿದ್ದವು. ಒಂದು ಬೊಬ್ಬೆಯೂ ಎದ್ದಿರಲಿಲ್ಲ.

ಅಕ್ಕ ಮಾತ್ರ ಅರ್ಧ ಕರಗಿದ್ದ ಕನೆಕ್ಟರನ್ನೇ ನೋಡುತ್ತಿದ್ದರು.

"ನೋಡ್ದೇನಪ್ಪ," ಎಂದರು, "ಇಷ್ಟು ಬಿಸೀಲೂ ಹೆಂಗ್ ಬಿಡ್ತು, ಪಾಪ!"