ಬಕೆಟ್ ಹಬ್ಬದ ಮೊದಲ ಸುದ್ದಿ

ಪತ್ರಿಕೆಯ ಕಚೇರಿಯಲ್ಲಿ ಅವರನ್ನು ಎಲ್ಲರೂ ಹಬ್ಬದ ಸಾಹೇಬರು ಎಂದೇ ಕರೆಯುತ್ತಿದ್ದರು. ಹಬ್ಬ ಮಾಡುವವರಲ್ಲ, ಹಬ್ಬ ಬರೆಯುವವರು. ಬೇಸಿಗೆ ಬಂತೆಂದರೆ ಆ ಊರಿಗೆ ಹಬ್ಬದ ಹುಚ್ಚು ಹಿಡಿಯುತ್ತಿತ್ತು: ಗಾಳಿಪಟದ ಹಬ್ಬ, ದೋಣಿ ಹಬ್ಬ, ಹೂವಿನ ಹಬ್ಬ, ಎಲ್ಲಕ್ಕೂ ಕೊನೆಗೆ ಬಕೆಟ್ ಹಬ್ಬ. ನಲವತ್ತು ಬೇಸಿಗೆ ಸಾಹೇಬರು ಕೊಡೆ ಹಿಡಿದು ಎಲ್ಲ ಕಡೆಗೂ ಹೋದರು, ಬಂದು ಒಂದೇ ಸುದ್ದಿ ಬರೆದರು. ‘ಬಿಸಿಲನ್ನೂ ಲೆಕ್ಕಿಸದೆ ಜನಸಾಗರ ಹರಿದುಬಂತು’ ಎಂಬುದು ಮೊದಲ ವಾಕ್ಯ, ‘ಸಂಭ್ರಮ ಮುಗಿಲು ಮುಟ್ಟಿತು’ ಎಂಬುದು ಕೊನೆಯದು. ನಡುವೆ ಉದ್ಘಾಟಕರ ಹೆಸರು ಮಾತ್ರ ಬದಲಾಗುತ್ತಿತ್ತು. ಹೋದ ವರ್ಷದ ಸುದ್ದಿಗೆ ಹೊಸ ತಾರೀಖು ಹಾಕುವುದಕ್ಕೆ ಕಚೇರಿಯಲ್ಲಿ ‘ತಂಗಳು ಬಿಸಿ ಮಾಡೋದು’ ಎನ್ನುತ್ತಿದ್ದರು. ಆ ಕೆಲಸದಲ್ಲಿ ಸಾಹೇಬರನ್ನು ಮೀರಿಸುವವರಿರಲಿಲ್ಲ.

ಬಕೆಟ್ ಹಬ್ಬದ ಕಥೆಯಂತೂ ಪೂರ್ತಿ ಅವರ ಸ್ವಂತದ್ದು. ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: ನೀರಿಲ್ಲದ ಒಂದು ಬೇಸಿಗೆಯಲ್ಲಿ ಹೆಂಗಸರು ಖಾಲಿ ಬಕೆಟ್ ಬಡಿಯುತ್ತ ಬೀದಿಗಿಳಿದರು, ಆ ಸದ್ದಿಗೆ ಮುಗಿಲು ಕರಗಿ ಅಂದೇ ಮಳೆ ಸುರಿಯಿತು. ಶಾಲೆಯ ಪುಸ್ತಕದಲ್ಲಿ ಅದು ಪಾಠವಾಗಿದೆ. ಚೌಕದ ಕಲ್ಲಿನ ಮೇಲೆ ಕೆತ್ತಿದ್ದಾರೆ. ಟೀವಿಯವರು ಎಲ್ಲಿಯದೋ ಮಳೆಯ ಚಿತ್ರ ತೋರಿಸಿ ವರ್ಷಾ ವರ್ಷಾ ಅದನ್ನೇ ಓದುತ್ತಾರೆ. ಎಲ್ಲವೂ ಸಾಹೇಬರ ವಾಕ್ಯವೇ, ಅಲ್ಪವಿರಾಮ ಸಮೇತ.

ಅಂದು ಮಳೆ ಬರಲಿಲ್ಲ. ಬಂದದ್ದು ಆರು ವಾರ ಬಿಟ್ಟು. ಅಂದು ಆದದ್ದೇ ಬೇರೆ. ಹನ್ನೊಂದು ದಿನ ನಲ್ಲಿಯಲ್ಲಿ ತೊಟ್ಟು ನೀರಿಲ್ಲದೆ, ಗಿರಣಿ ಪಕ್ಕದ ಮೂರು ಬೀದಿಗಳ ಹೆಂಗಸರು ತಗಡಿನ ಬಕೆಟ್ ಬಡಿಯುತ್ತ ನೀರು ಸರಬರಾಜು ಕಚೇರಿಗೆ ಹೋದರು. ಒಳಗಿನವರು ಗೇಟಿಗೆ ಬೀಗ ಜಡಿದರು. ಹಿಂದಿದ್ದವರು ಮುಂದಿದ್ದವರನ್ನು ನೂಕಿದರು. ತುಕ್ಕು ಹಿಡಿದ ಗೇಟು ಬುಡಸಮೇತ ಕಿತ್ತು ಬಿತ್ತು. ಅದರಡಿ ಸಿಕ್ಕಿದ್ದು ಒಂದೇ ಜೀವ. ಗಲ್ಲದ ಮೇಲೆ ಸಾಸಿವೆಯಷ್ಟು ಮಚ್ಚೆಯಿದ್ದ, ಎಲ್ಲರೂ ಚುಕ್ಕಿ ಎಂದು ಕರೆಯುತ್ತಿದ್ದ ನಾಲ್ಕು ವರ್ಷದ ಹುಡುಗಿ. ಅವಳ ತಾಯಿ ಸಾಹೇಬರ ಒಡಹುಟ್ಟಿದ ಅಕ್ಕ.

ಸಾಹೇಬರು ಆಗ ಪತ್ರಿಕೆಗೆ ಸೇರಿ ಎರಡೇ ತಿಂಗಳು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವರೇ. ಸಂಜೆ ಅದೇ ಅಂಗಿಯಲ್ಲಿ ಬಂದು ಸುದ್ದಿ ಬರೆದು ಕೊಟ್ಟರು. ಆಗಿನ ಸಂಪಾದಕರು ಓದಿ, ಮಡಿಸಿ, ಮೇಜಿನ ಖಾನೆಗೆ ಹಾಕಿದರು. “ಊರು ಮೊದಲೇ ಹೊತ್ತಿ ಉರೀತಿದೆ, ನಾವೂ ತುಪ್ಪ ಸುರಿಯೋದು ಬೇಡಪ್ಪ” ಎಂದರು. ಮರುವರ್ಷ ಅದೇ ದಿನ ಹೆಂಗಸರು ಬಕೆಟ್ ತಂದು ಆ ಗೇಟಿನ ಮುಂದೆ ಸುಮ್ಮನೆ ಕೂತರು. ಬಡಿಯಲಿಲ್ಲ, ಕೂಗಲಿಲ್ಲ. ನಗರಸಭೆಗೆ ದಿಗಿಲಾಯಿತು. ಬ್ಯಾಂಡಿನವರನ್ನು ಕರೆಸಿ, ಟ್ಯಾಂಕರಿನಿಂದ ನೀರು ಹಾರಿಸಿದರು. ನೀರು ಕಂಡ ಮಕ್ಕಳು ಕುಣಿದರು. ಹಬ್ಬ ಹುಟ್ಟಿದ್ದು ಹೀಗೆ. ನಗರಸಭೆಗೆ ಬಕೆಟ್ ಹಿಡಿಯುವುದರಲ್ಲಿ ಪತ್ರಿಕೆಯೂ ಹಿಂದೆ ಬೀಳಲಿಲ್ಲ.

“ಹಬ್ಬ ಅಂದ್ಮೇಲೆ ಒಂದು ಕಥೆ ಬೇಕಲ್ಲಯ್ಯ. ಬರಿ. ಸಾವು ಗೀವು ಬೇಡ” ಎಂದರು ಸಂಪಾದಕರು. ಸಾಹೇಬರು ಅರ್ಧ ಗಂಟೆಯಲ್ಲಿ ಮಳೆ ಸುರಿಸಿಬಿಟ್ಟರು. ಹೊಟ್ಟೆಪಾಡು ಎನ್ನಿ, ಹೇಡಿತನ ಎನ್ನಿ, ಎರಡೂ ಹೌದು.

ಅಕ್ಕ ಜಗಳ ಆಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು. ವರ್ಷಕ್ಕೊಮ್ಮೆ, ಹಬ್ಬದ ಮಾರನೆಯ ದಿನ, ಪೇಪರ್ ಮಡಿಸಿಟ್ಟು ಒಂದೇ ಮಾತು ಕೇಳುತ್ತಿದ್ದಳು. “ಒಂದ್ಸಲ ಅವಳದ್ದೂ ಹಾಕೋ. ಒಂದೇ ಸಾಲು. ಅವಳೂ ಇದ್ಲು ಅಂತ ಗೊತ್ತಾದ್ರೆ ಸಾಕು.”

“ಮುಂದಿನ ವರ್ಷ ಅಕ್ಕ.”

ಹೀಗೆ ನಲವತ್ತು ಮುಂದಿನ ವರ್ಷಗಳು ಕಳೆದುಹೋದವು.

ಈ ಬೇಸಿಗೆ ಸಾಹೇಬರ ಪಾಲಿಗೆ ಕೊನೆಯದು. ಹಬ್ಬ ಮುಗಿದ ಕೂಡಲೇ ನಿವೃತ್ತಿ. ಹಬ್ಬಕ್ಕೆ ನಲವತ್ತು ತುಂಬಿತೆಂದು ಹೊಸ ಸಂಪಾದಕಿ ಅವರಿಗೆ ಇಡೀ ಒಂದು ಪುಟ ಕೊಟ್ಟರು. ಸಾಹೇಬರು ಮೂರು ದಿನ ಕೂತು, ಬರೆದು, ಹರಿದು, ಮತ್ತೆ ಬರೆದು, ನಿಜವನ್ನು ಒಪ್ಪಿಸಿದರು. ಮರುದಿನ ಸಂಪಾದಕಿ ಒಳಗೆ ಕರೆಸಿದರು.

“ಸರ್, ಹಳೇ ಸಂಚಿಕೆ ಎಲ್ಲ ತೆಗೆಸಿ ನೋಡಿದೆ. ಗೇಟು ಬಿದ್ದಿದ್ದು ಎಲ್ಲೂ ಇಲ್ಲ. ಮಗು ಸತ್ತಿದ್ದೂ ಇಲ್ಲ. ಆಸ್ಪತ್ರೇಲಿ ಅಷ್ಟು ಹಳೇ ಕಡತ ಇಟ್ಟಿಲ್ವಂತೆ.”

“ಆಗ ಹಾಕಲಿಲ್ಲ ಮೇಡಂ. ಆಮೇಲೆ ನಾನೂ ಬರೀಲಿಲ್ಲ.”

“ಮಳೆ ಬಂತು ಅಂತ ನಲವತ್ತು ವರ್ಷ ನೀವೇ ಬರೆದಿದ್ದೀರ. ಈಗ ಬರಲಿಲ್ಲ ಅಂತಾನೂ ನೀವೇ ಬರೆದ್ರೆ, ಜನ ಯಾವ ನಿಮ್ಮನ್ನ ನಂಬಬೇಕು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಅಲ್ಲಿದ್ದೋರು ಒಬ್ಬರಾದ್ರೂ ಹೇಳ್ಲಿ ಸರ್. ನಿಮ್ಮಕ್ಕ ಇದ್ದಾರಲ್ಲ. ಅವರ ಬಾಯಿಂದಾನೇ ರೆಕಾರ್ಡ್ ಮಾಡ್ಕೊಂಡು ಬನ್ನಿ. ಮೊದಲನೇ ಪುಟದಲ್ಲಿ ಹಾಕ್ತೀನಿ.”

ಅಂದು ಗೇಟಿನ ಬಳಿಯಿದ್ದವರಲ್ಲಿ ಕೆಲವರು ತೀರಿಕೊಂಡಿದ್ದರು, ಮಿಕ್ಕವರು ಗಿರಣಿ ಮುಚ್ಚಿದ ಮೇಲೆ ಊರು ಬಿಟ್ಟಿದ್ದರು; ಸಾಹೇಬರ ಕೈಗೆ ಸಿಗುವವಳು ಅಕ್ಕ ಒಬ್ಬಳೇ. ಚುಕ್ಕಿ ಹೋದ ಮೇಲೆ ಹುಟ್ಟಿದ ಮಗನ ಮನೆಯಲ್ಲಿದ್ದಳು. ಸಾಹೇಬರು ಅತ್ತ ಕಡೆ ತಲೆ ಹಾಕಿ ಏಳೆಂಟು ತಿಂಗಳಾಗಿತ್ತು. ಅತ್ತೆಗೆ ಮರೆವು ಶುರುವಾಗಿದೆ ಎಂದು ಸೊಸೆ ಫೋನಿನಲ್ಲಿ ಹೇಳಿದ್ದಳು. ವಯಸ್ಸಾದ ಮೇಲೆ ಕನ್ನಡಕ ಎಲ್ಲಿಟ್ಟೆ ಎಂಬುದು ಎಲ್ಲರಿಗೂ ಮರೆಯುತ್ತದೆ, ಅದಕ್ಕೇನಂತೆ, ಎಂದುಕೊಂಡಿದ್ದರು.

ಬೆಳಿಗ್ಗೆ ಹೋದಾಗ ಸ್ನಾನದ ಮನೆಯ ಬಾಗಿಲಿಗೆ ‘ಸ್ನಾನದ ಮನೆ’ ಎಂದು ದಪ್ಪಕ್ಷರದಲ್ಲಿ ಬರೆದ ಕಾಗದ ಅಂಟಿಸಿತ್ತು. ಸಾಹೇಬರು ಅದನ್ನು ಎರಡು ಸಲ ಓದಿದರು. ಆದರೆ ಕಿಟಕಿಯ ಪಕ್ಕದ ಮಂಚದಿಂದ ಅಕ್ಕ ನೋಡಿದವಳೇ, “ಬಾರೋ ಪೇಪರ್‌ನೋನೆ, ಏನೋ ಹೀಗೆ ಸೊರಗಿದ್ದೀಯ?” ಎಂದಳು. ಹೋದ ಜೀವ ಬಂದಂತಾಯಿತು. ಫೋನನ್ನು ಅವಳ ಮುಂದಿಟ್ಟು ಕೇಳಿದರು.

“ಅಕ್ಕ, ಆವತ್ತು ಬಕೆಟ್ ಹಿಡ್ಕೊಂಡು ಹೋದ್ರಲ್ಲ, ಏನಾಯ್ತು ಹೇಳು. ಈ ಸಲ ಎಲ್ಲಾ ಹಾಕ್ತಾರೆ.”

ಅಕ್ಕನ ಮುಖ ಅರಳಿತು. “ಬಡಿದ್ವಿ ನೋಡು, ಕೈ ಬೊಬ್ಬೆ ಬರೋ ಹಾಗೆ ಬಡಿದ್ವಿ. ಆ ಸದ್ದಿಗೆ ಮುಗಿಲು ಕರಗಿ ಅಂದೇ ಮಳೆ ಸುರಿಯಿತು.”

ಅವಳ ಮಾತಿನಲ್ಲಿ ಆ ಒಂದು ವಾಕ್ಯ ಮಾತ್ರ ಅಚ್ಚಿನ ಕನ್ನಡದಲ್ಲಿತ್ತು.

“ಮಳೆ ಬರಲಿಲ್ಲಕ್ಕ. ಗೇಟು ಬಿತ್ತಲ್ಲ...”

“ಯಾವ ಗೇಟೋ? ಅಲ್ಲಿದ್ದೋಳು ನಾನಾ ನೀನಾ?”

“ಚುಕ್ಕಿ ಇದ್ಲಲ್ಲ ಜೊತೇಲಿ?”

“ಇದ್ಲು! ಮಳೇಲಿ ಕುಣಿದಿದ್ದೇ ಕುಣಿದಿದ್ದು. ಮನೆಗೆ ಕರ್ಕೊಂಡು ಬಂದು ತಲೆ ಒರೆಸಿದೆ, ಹೀಗೆ.” ಮಂಚದ ಮೇಲಿದ್ದ ಟವೆಲ್ ಎತ್ತಿಕೊಂಡು ಪುಟ್ಟ ಮಗುವಿನೆತ್ತರದಲ್ಲಿ ಗಾಳಿಯನ್ನು ಒರೆಸಿ ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ, “ಬಿಡಿ ಮಾವ. ಮುಂಚೆ ದಿನಾ ಅಳ್ತಿದ್ರು. ಟೀವೀಲಿ ಆ ಕಥೆ ನೋಡಿ ನೋಡಿ ಈಗ ಅಳು ನಿಂತಿದೆ” ಎಂದಳು.

ಸಾಹೇಬರು ಫೋನ್ ಆರಿಸಿದರು. ಅಕ್ಕ ನೆಮ್ಮದಿಯಾಗಿದ್ದಾಳಲ್ಲ, ಅಷ್ಟೇ ಸಾಕು ಎಂದುಕೊಳ್ಳಲು ನೋಡಿದರು, ಆಗಲಿಲ್ಲ. ಊರೆಲ್ಲ ಮರೆತರೂ ಆ ಮಗುವಿನ ಸಾವು ಹೆತ್ತವಳ ಹತ್ತಿರ ಉಳಿದಿತ್ತು. ಅದನ್ನೂ ತಾನೇ ಕಿತ್ತುಕೊಂಡೆ ಎನಿಸಿತು.

ಅಕ್ಕನ ಕೈ ನಿಂತಿತು. “ಅಲ್ವೋ, ತಲೆ ಒರೆಸಿದ್ನಲ್ಲ... ಆಮೇಲೆ ಎಲ್ಲಿ ಹೋದ್ಲು ಅವಳು? ಆಮೇಲೆ ನಾನು ನೋಡೇ ಇಲ್ವಲ್ಲ.” ತಮ್ಮನ ತೋಳು ಹಿಡಿದಳು. “ಊರ ಸುದ್ದಿಯೆಲ್ಲ ನಿಂಗೆ ಗೊತ್ತಿರುತ್ತೆ. ಹೇಳೋ.”

ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಮಗುವನ್ನು ಅವಳ ಕಣ್ಣೆದುರೇ ಇನ್ನೊಮ್ಮೆ ಗೇಟಿನಡಿ ಹಾಕಿದಂತೆ.

“ಸ್ಕೂಲಿಗೆ ಹೋಗಿದ್ದಾಳೆ ಅಕ್ಕ.”

ಅಕ್ಕ ಹೊರಗಿನ ಬಿಸಿಲನ್ನು ನೋಡಿದಳು, ಆಮೇಲೆ ಅವರನ್ನು.

“ಬೇಸಿಗೆ ರಜಾ ಅಲ್ವೇನೋ ಈಗ?”

ನಲವತ್ತು ವರ್ಷದಲ್ಲಿ ಒಬ್ಬ ಓದುಗನೂ ಸಾಹೇಬರಿಗೆ ಎದುರು ಪ್ರಶ್ನೆ ಹಾಕಿರಲಿಲ್ಲ. ಅವರಿಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ.  ಅಕ್ಕ ಎದ್ದು, ಕಿಟಕಿಯ ಸರಳು ಹಿಡಿದು, ಬೀದಿಗೆಲ್ಲ ಕೇಳುವಂತೆ ಮಗಳನ್ನು ಕೂಗತೊಡಗಿದಳು.