ಸೋಮವಾರದ ಹಾಲು

ಹೋದ ವಾರ ಗಂಡಸಿಯಿಂದ ನನ್ನ ತಂಗಿಯ ಮಗ ಫೋನ್ ಮಾಡಿದ್ದ. ಎಮ್ಮೆ ಕರು ಹಾಕಿದ್ದು, ತೆಂಗಿಗೆ ನುಸಿ ಬಿದ್ದಿದ್ದು ಎಲ್ಲ ಹೇಳಿ ಮುಗಿಸಿ, ಆಮೇಲೆ ದನಿ ತಗ್ಗಿಸಿದ. "ಮಾವ, ಇವಳು ನಂಗೂ ತೋರಿಸ್ಕಂಡು ಬಾ ಅಂತಾವ್ಳೆ. ನೀವು ಹೋಗಿದ್ರಲ್ಲ, ಅಲ್ಲಿ ಏನ್ ಮಾಡ್ತಾರೆ?"

ಎಲ್ಲಿ ಎಂದು ನಿಮಗೆ ಹೇಳಿಬಿಡುತ್ತೇನೆ. ಕುಡಿತ ಒಬ್ಬನಿಗೆ ಎಷ್ಟರ ಮಟ್ಟಿಗೆ ಹತ್ತಿದೆ ಎಂದು ಕೂರಿಸಿಕೊಂಡು ಪರೀಕ್ಷೆ ಮಾಡುವ ಡಾಕ್ಟರ ಹತ್ತಿರ. ನಾನು ಹೋಗಿ ನಾಲ್ಕು ವರ್ಷವಾಯಿತು. ಊರಿನಲ್ಲಿ ಯಾರಾದರೂ ಆ ಮಾತು ಎತ್ತಿದರೆ ನಾನು ತಕ್ಷಣ ಹಸುಗಳ ಕೆಚ್ಚಲು ಬಾವಿನ ವಿಷಯಕ್ಕೆ ಹೊರಳುತ್ತೇನೆ. ಆ ವಿಷಯದಲ್ಲಿ ನನಗೆ ಅರ್ಧ ಗಂಟೆ ಮಾತಾಡುವಷ್ಟು ಸರಕಿದೆ.

ನಾನು ಹಾಲಿನ ಡೇರಿಯ ಸೆಕ್ರೆಟರಿ. ಮಾದಿಹಳ್ಳಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಹಾಲಿನ ಸಾಲು ನಿಲ್ಲುತ್ತದೆ. ಒಬ್ಬೊಬ್ಬರ ಹಾಲನ್ನೂ ಜಾಡಿಗೆ ಸುರಿದು, ಗಾಜಿನ ಕಡ್ಡಿ ತೇಲಿಬಿಟ್ಟು ಡಿಗ್ರಿ ನೋಡಬೇಕು. ನೀರು ಬೆರೆಸಿದ್ದರೆ ಕಡ್ಡಿ ಆಳಕ್ಕೆ ಇಳಿಯುತ್ತದೆ. ಇಳಿದರೆ ನಾನು "ವಾಪಸ್" ಎನ್ನುತ್ತೇನೆ. ಇಡೀ ಸಾಲು ಆ ಮನುಷ್ಯನ ಮುಖ ನೋಡುತ್ತದೆ. ಆ ಒಂದು ಮಾತಿನಲ್ಲಿ ಎಷ್ಟು ಗತ್ತಿದೆ ಎಂಬುದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ನಾನು ಕುಡಿದ ಅಮಲಿನಲ್ಲಿ ತುಂಬಿದ ಕ್ಯಾನಿನ ಮೇಲೆ ಬಿದ್ದೆ. ಹಾಲು ಚೆಲ್ಲಿ ಚರಂಡಿ ಸೇರಿತು, ನನ್ನ ಮರ್ಯಾದೆಯೂ ಅದರ ಜೊತೆ ಹೋಯಿತು. ಸಂಘದ ಅಧ್ಯಕ್ಷರು ಕೂಗಾಡಲಿಲ್ಲ. "ಡಾಕ್ಟ್ರಿಗೆ ತೋರಿಸಿ ಕಾಗದ ತಗಂಬಾ. ಆಮೇಲೆ ಕುರ್ಚಿ ಮಾತು" ಎಂದರು.

ಹಾಸನಕ್ಕೆ ಹೋದರೆ ನಮ್ಮ ಕಡೆಯವರು ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದು, ವಾರಕ್ಕೊಂದು ದಿನ ಅರಸೀಕೆರೆಗೆ ಬರುವ ಡಾಕ್ಟರೊಬ್ಬರನ್ನು ಹುಡುಕಿಕೊಂಡೆ. ನನ್ನ ಹೆಂಡತಿ ಜಯಮ್ಮನೂ ಜೊತೆಗೆ. ಹಳೇಬೀಡಿನಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ನಮ್ಮೂರ ಶಿವಣ್ಣ. ದಿನಾ ಡೇರಿಗೆ ಹಾಲು ಹಾಕುವ ಮನುಷ್ಯ.

"ಏನ್ಲಾ, ಜೋಡಿ ಎಲ್ಲಿಗೆ ಹೊಂಟ್ರಿ?"

"ಮಾಲೇಕಲ್ಲಿಗೆ. ಹರಕೆ ಐತೆ" ಎಂದೆ.

"ಹಂಗಾರೆ ನಂಗೂ ಒಂಚೂರು ಪ್ರಸಾದ ತಗಂಬಾ."

ಸಂಜೆ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಪುರಿ ಕೊಂಡು, ಮೇಲೊಂದು ಹೂವಿನ ಎಸಳು ಇಟ್ಟು, ಊರಿಗೆ ಬಂದು ಶಿವಣ್ಣನಿಗೆ ಕೊಟ್ಟೆ. ಆತ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಆ ಹೊತ್ತು ಜಯಮ್ಮ ನನ್ನ ಮುಖ ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ.

ಅಲ್ಲಿ ಏನು ಮಾಡುತ್ತಾರೆ ಎಂಬುದಕ್ಕೆ ಬರುತ್ತೇನೆ. ನಾನು ಅಂದುಕೊಂಡಿದ್ದೇ ಬೇರೆ. ಕರೆಂಟು ಕೊಡುತ್ತಾರೆ, ದೇವರ ಪಟದ ಮುಂದೆ ಆಣೆ ಮಾಡಿಸುತ್ತಾರೆ, ಅಲ್ಲೇ ಕೂಡಿಹಾಕಿಕೊಳ್ಳುತ್ತಾರೆ ಎಂದು ಹೆದರಿ, ಒಳಗೆ ಹೋಗುವ ಮೊದಲು ಎರಡು ಸಲ ಬಾಗಿಲ ತನಕ ಹೋಗಿ ಬಂದಿದ್ದೆ. ಹಾಗೆಲ್ಲ ಏನೂ ಇಲ್ಲ. ತೂಕ, ಬಿ.ಪಿ. ನೋಡಿದರು. ರಕ್ತ ತೆಗೆದರು. ಸಣ್ಣ ಬಾಟಲಿ ಕೊಟ್ಟು ಮೂತ್ರ ತರಲು ಹೇಳಿದರು. ಎರಡೂ ಕೈ ಮುಂದಕ್ಕೆ ಚಾಚಿಸಿ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪ್ರಶ್ನೆಗಳು, ಬರೀ ಪ್ರಶ್ನೆಗಳು.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. "ಬೈಯೋಕೆ ಕೂತಿಲ್ಲ ನಾನು. ನೀವು ಹೇಳಿದ್ದು ಈ ರೂಮು ಬಿಟ್ಟು ಹೋಗಲ್ಲ. ಎಷ್ಟು ಅಂತ ಸರಿಯಾಗಿ ಗೊತ್ತಾದ್ರೆ ಔಷಧಿ ಕೊಡೋಕೆ ಸುಲಭ, ಅಷ್ಟೇ" ಎಂದರು. ಯಾವ ವಯಸ್ಸಿನಲ್ಲಿ ಶುರುವಾಯಿತು, ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ, ಹಿಂದಿನ ದಿನದ್ದು ಮರೆತುಹೋಗುತ್ತದೆಯೇ, ಬೀಡಿ, ಗಾಂಜಾ, ನಿದ್ದೆ ಮಾತ್ರೆ ಏನಾದರೂ ಉಂಟೇ. ದಿನಕ್ಕೆ ಎಷ್ಟು ಎಂದು ಕೇಳಿದಾಗ "ಸ್ವಲ್ಪ" ಎಂದೆ. "ಸ್ವಲ್ಪ ಅಂದ್ರೆ ಎಷ್ಟು ಕ್ವಾರ್ಟರ್?" ಎಂದರು. ಒಂದು ಎಂದೆ. ಅವರು ಬರೆದುಕೊಳ್ಳದೆ ಸುಮ್ಮನೆ ಕಾದರು. ಎರಡು ಎಂದೆ. ಇನ್ನೂ ಕಾದರು. ಇಪ್ಪತ್ತು ವರ್ಷ ಊರಿನವರ ಹಾಲಿನಲ್ಲಿ ನೀರು ಹುಡುಕಿದವನು ನಾನು. ನನ್ನ ಮಾತಿನಲ್ಲಿ ಎಷ್ಟು ನೀರಿದೆ ಎಂದು ಆ ಹುಡುಗಿಗೆ ಯಾವ ಕಡ್ಡಿಯೂ ಇಲ್ಲದೆ ತಿಳಿಯುತ್ತಿತ್ತು. ಮೂರು ಎಂದ ಮೇಲೆ ಬರೆದುಕೊಂಡರು.

ಆಮೇಲೆ ಜಯಮ್ಮನನ್ನು ಕರೆದು ಕೂರಿಸಿದರು. ಅವಳಿಗೆ ಹೇಗಾದರೂ ಗಂಡನ ಮಾನ ಉಳಿಸುವ ಆಸೆ. "ಸೋಮವಾರ ಒಂದ್ ತೊಟ್ಟೂ ಮುಟ್ಟಲ್ಲ ಮೇಡಂ. ಸ್ನಾನ ಮಾಡಿ ಈಬತ್ತಿ ಇಟ್ಕಂಡು ಒಪ್ಪೊತ್ತು ಮಾಡ್ತಾರೆ" ಎಂದಳು. ನಾನೂ ಸ್ವಲ್ಪ ನೆಟ್ಟಗೆ ಕೂತೆ. ಬೇಕೆಂದರೆ ಬಿಡಬಲ್ಲವನು ಎಂಬುದಕ್ಕೆ ನಮ್ಮ ಮನೆಯಲ್ಲಿದ್ದ ದೊಡ್ಡ ಸಾಕ್ಷಿ ಸೋಮವಾರವೇ.

ಡಾಕ್ಟರು ಪೆನ್ನು ಕೆಳಗಿಟ್ಟು, "ಸೋಮವಾರ ಬೆಳಿಗ್ಗೆ ಕೈ ನಡುಗುತ್ತಾ?" ಎಂದರು.

"ಚಳಿಗೆ ಅಂತಾರೆ" ಎಂದಳು ಜಯಮ್ಮ.

"ಬೇಸಿಗೇಲೂ?"

ಅವಳು ಹೌದೆಂದು ತಲೆಯಾಡಿಸಿದಳು. ಬಿಟ್ಟ ದಿನ ಮೈ ನಡುಗುತ್ತದೆ ಎಂದರೆ ಅದು ಗಟ್ಟಿಯಾಗಿ ಹತ್ತಿದೆ ಎಂದರ್ಥ, ಹೀಗೆ ಇದ್ದಕ್ಕಿದ್ದಂತೆ ತಾವಾಗಿ ಬಿಟ್ಟರೆ ಫಿಟ್ಸ್ ಕೂಡ ಬರಬಹುದು, ಮೊದಲ ಕೆಲವು ದಿನ ಔಷಧಿ ಕೊಟ್ಟೇ ಬಿಡಿಸಬೇಕು ಎಂದು ಡಾಕ್ಟರು ವಿವರಿಸಿದರು. ನನ್ನ ಕಿವಿಗೆ ಅರ್ಧವೂ ಬೀಳಲಿಲ್ಲ. ನನಗೆ ಗಂಗಕ್ಕ ನೆನಪಾಗಿದ್ದಳು.

ಗಂಗಕ್ಕನಿಗೆ ಒಂದೇ ಹಸು. ಕ್ಯಾನಿನ ಮೇಲೆ ನಾನು ಬೀಳುವುದಕ್ಕೆ ಮೂರು ತಿಂಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ಅವಳ ಹಾಲಿನಲ್ಲಿ ಕಡ್ಡಿ ಇಳಿದಂತೆ ಕಂಡಿತು. ಬೇರೆ ದಿನಗಳಲ್ಲಿ ಡೇರಿಗೆ ಬರುವ ಮೊದಲು ಒಂದು ಗುಟುಕು ಹಾಕಿ, ಏಲಕ್ಕಿ ಅಗಿದು ಬರುತ್ತಿದ್ದೆ. ಸೋಮವಾರ ಅದಿಲ್ಲ. ಜಾಡಿ ಹಿಡಿದ ಕೈ ನಡುಗುತ್ತಿತ್ತು, ಕಡ್ಡಿ ಒಂದು ಕಡೆ ನಿಲ್ಲುತ್ತಿರಲಿಲ್ಲ. "ವಾಪಸ್" ಎಂದೆ. "ಇನ್ನೊಂದ್ಸಲ ನೋಡಪ್ಪ. ಒದ್ದೆ ಕೈಯಲ್ಲೂ ನಾನು ಹಾಲು ಕರಿಯಾಕಿಲ್ಲ" ಎಂದಳು. ನಾನು ಹಣೆಯ ವಿಭೂತಿ ತೋರಿಸಿ, "ಇವತ್ತು ಸೋಮವಾರ ಗಂಗಕ್ಕ, ನಾನು ಕುಡಿದಿಲ್ಲ. ಕಣ್ಣು ಸರಿಯಾಗೈತೆ" ಎಂದೆ. ಸಾಲಿನಲ್ಲಿದ್ದವರು ನನ್ನ ಮಾತನ್ನೇ ನಂಬಿದರು. ಅವಳು ಪಾತ್ರೆ ಎತ್ತಿಕೊಂಡು ಹೋದಳು, ಮತ್ತೆ ಡೇರಿಗೆ ಬರಲಿಲ್ಲ.

ಎಲ್ಲರೂ ಹೋದ ಮೇಲೆ, ಪಕ್ಕಕ್ಕೆ ಎತ್ತಿಟ್ಟಿದ್ದ ಜಾಡಿಯಲ್ಲಿ ಉಳಿದಿದ್ದ ಅವಳ ಹಾಲನ್ನು ಮೇಜಿನ ಮೇಲಿಟ್ಟು ಇನ್ನೊಂದು ಸಲ ನೋಡಿದೆ. ಡಿಗ್ರಿ ಸರಿಯಾಗಿತ್ತು. ಹಾಲು ಚೆಲ್ಲಿ ಜಾಡಿ ತೊಳೆದಿಟ್ಟೆ.

ಡಾಕ್ಟರ ಕೊನೆಯ ಪ್ರಶ್ನೆಗಳಲ್ಲಿ ಒಂದು ಇದು: "ನಿಮ್ಮ ಕುಡಿತದಿಂದ ಯಾರಿಗಾದರೂ ತೊಂದರೆ ಆಗಿದೆಯಾ?"

ಮೂರು ಕ್ವಾರ್ಟರ್ ಒಪ್ಪಿಕೊಂಡಿದ್ದ ಬಾಯಿ "ಇಲ್ಲ" ಎಂದಿತು. ಅವರು ಅದನ್ನೂ ಬರೆದುಕೊಂಡರು. ಔಷಧಿ ಸಿಕ್ಕಿತು, ಕಾಗದ ಸಿಕ್ಕಿತು, ಮತ್ತೆ ಕುರ್ಚಿ ಸಿಕ್ಕಿತು. ಕುಡಿತ ಬಿಟ್ಟಿದ್ದೂ ನಿಜ. ನಾಲ್ಕು ವರ್ಷದಿಂದ ಊರು ನನ್ನನ್ನು ಹೊಗಳುತ್ತಿದೆ, ನಾನು ನಾಚಿಕೆಯಿಂದ ತಲೆ ತಗ್ಗಿಸಿದರೆ ಅದನ್ನು ವಿನಯ ಎಂದುಕೊಳ್ಳುತ್ತದೆ.

ತಂಗಿಯ ಮಗನಿಗೆ ಎಲ್ಲ ಹೇಳಿದೆ, ಈ ಒಂದು ಪ್ರಶ್ನೆ ಬಿಟ್ಟು. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಗಂಗಕ್ಕನ ಮನೆಗೆ ಹೋದೆ. ಅವಳು ಜಗುಲಿಯಲ್ಲಿ ಹುರುಳಿಕಾಳು ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವಳು ಮೊರ ಕೆಳಗಿಡಲಿಲ್ಲ.

"ನನ್ನ ಹಾಲು ಚೆನ್ನಾಗಿತ್ತು ಅಂತ ನಂಗೇ ಬಂದು ಹೇಳ್ತೀಯಲ್ಲಪ್ಪ, ನಂಗೊತ್ತಿರಲಿಲ್ವಾ? ಸಾಲ್ನಾಗೆ ನಿಂತಿದ್ರಲ್ಲ, ಅವ್ರಿಗೆ ಹೇಳು."

ಇವತ್ತು ಬೆಳಿಗ್ಗೆ ಹೇಳಿದೆ. ಕುರ್ಚಿಯಿಂದ ಎದ್ದು ನಿಂತು, ಆ ಸೋಮವಾರದ ತಪ್ಪು ನನ್ನದು, ಅದು ನನಗೆ ಅವತ್ತೇ ಗೊತ್ತಿತ್ತು, ಗಂಗಕ್ಕ ನೀರು ಹಾಕಿರಲಿಲ್ಲ ಎಂದೆ. ಮೂರೇ ಮಾತು, ಅಷ್ಟಕ್ಕೇ ಬೆನ್ನು ಬೆವೆತಿತ್ತು. ಸಾಲಿನಲ್ಲಿ ಮುಂದೆ ಇದ್ದವನು ಶಿವಣ್ಣ. ಹಾಲಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೊಂದು ಕೈಯಿಟ್ಟುಕೊಂಡೇ ನಿಂತ.

"ನಂದೂ ಎರಡು ಸಲ ವಾಪಸ್ ಮಾಡಿದ್ಯಲ್ಲ" ಎಂದ. "ಅದು?"

"ಗೊತ್ತಿಲ್ಲ ಶಿವಣ್ಣ" ಎಂದೆ.