ಕೆಂಪು ಕಣ್ಣಿನ ಇಂಟರ್‌ವ್ಯೂ

೧೯೬೩ರ ಬೇಸಿಗೆ. ಮುಂಡಗೋಡ ತಾಲೂಕಿನ ಪಾಳಾದಲ್ಲಿ ನಮ್ಮದು ಒಕ್ಕಲುತನದ ಮನೆ. ನಾನು ಮ್ಯಾಟ್ರಿಕ್ ಮುಗಿಸಿ ಅಪ್ಪನ ಜೊತೆ ಗಳೆ ಹೊಡೆದುಕೊಂಡಿದ್ದೆ. ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಕಲಿಸಿ, ಚೆನ್ನಾಗಿ ಕಲಿತವರನ್ನು ಅಲ್ಲೇ ನೌಕರಿಗೆ ಇಟ್ಟುಕೊಳ್ಳುತ್ತಾರೆಂದು ಅಲ್ಲಿದ್ದ ನನ್ನ ಸೋದರಮಾವ ಹೇಳಿ ಕಳಿಸಿದ್ದ. ಅರ್ಜಿ ಹಾಕಿದೆ. ಮುಂದಿನ ವರ್ಷ ಹಾಕೋಣವೆಂದರೆ ಅವರು ಹೇಳಿದ ವಯಸ್ಸು ನನಗೆ ಮೀರಿಹೋಗುತ್ತಿತ್ತು, ಆದ್ದರಿಂದ ಇದೊಂದೇ ಅವಕಾಶ. ಇಂಟರ್‌ವ್ಯೂಗೆ ಬಾ ಎಂದು ಕಾರ್ಡು ಬಂದ ದಿನ ಖುಷಿಗೆ ಅದನ್ನು ಓಣಿಯವರಿಗೆಲ್ಲ ಓದಿ ತೋರಿಸಿದೆ.

ಇಂಟರ್‌ವ್ಯೂಗೆ ತಯಾರಿ ಹೇಗೆ ಮಾಡಬೇಕೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಂತ ಯಾರೂ ಸುಮ್ಮನೆ ಕೂರಲಿಲ್ಲ. ವೆಲ್ಡಿಂಗ್ ಎಂದರೇನು ಎಂದು ಕೇಳಿದರೆ ಏನು ಹೇಳಬೇಕೆಂದು ಪೋಸ್ಟ್ ಮಾಸ್ತರರು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದರು. ಅದನ್ನು ನಾನು ಎತ್ತುಗಳ ಮುಂದೆ ನಿಂತು ಒಪ್ಪಿಸುತ್ತಿದ್ದೆ. ಮುಂಡಗೋಡದಲ್ಲಿ ಪ್ಯಾಂಟು ಹೊಲಿಸಿದೆ. ಧೋತರದ ರೂಢಿಯವನಿಗೆ ಪ್ಯಾಂಟಿನಲ್ಲಿ ಕೂತು ಏಳುವುದೇ ಒಂದು ವಿದ್ಯೆ. ರೂಢಿಯಾಗಲೆಂದು ಕಣದ ತುಂಬ ಅದನ್ನೇ ಹಾಕಿಕೊಂಡು ಅಡ್ಡಾಡಿದೆ. "ಎತ್ತಿನ ಮುಂದ ಹಂಗ ಹೋಗಬ್ಯಾಡೋ, ಗುರ್ತ ಸಿಗದ ಹಾಯ್ತಾವು" ಎಂದು ಅಪ್ಪ ನಕ್ಕ.

ಖರೆ ತಯಾರಿ ನಡೆದದ್ದು ಮೋನಪ್ಪ ಕಾಕಾನ ಕಮ್ಮಾರಸಾಲೆಯಲ್ಲಿ. ಆತ ಬಂಡಿ ಗಾಲಿಯ ಹಳಿಯ ಎರಡು ತುದಿಗಳನ್ನು ಬೆಂಕಿಯಲ್ಲಿ ಕಾಸಿ, ಬಡಿದು ಒಂದು ಮಾಡುತ್ತಿದ್ದ. ಬೇರೆ ಯಾರಾದರೂ ಹತ್ತಿರ ನಿಂತು ದಿಟ್ಟಿಸಿದರೆ ಸಿಟ್ಟಿಗೆದ್ದು ಓಡಿಸುವ ಮನುಷ್ಯ, ನನ್ನನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ತಿದಿ ಒತ್ತಲು ಹೇಳಿದ.

"ಕಬ್ಬಿಣದ ಬಣ್ಣ ನೋಡು. ಕೆಂಪಾತು, ಹಳದಿ ಆತು, ಈಗ ಬೆಳ್ಳಗಾಕ್ಕತಿ. ಅದ ಹದ. ಕಣ್ಣ ಪಿಳಕಿಸಿದಿ ಅಂದ್ರ ಹದ ತಪ್ಪಿತು. ಬೆಂಕಿಗೆ ಹೆದರಾಂವ ಬೆಸಿಗಿ ಹಾಕೂದಿಲ್ಲ, ತಿಳೀತಿಲ್ಲೋ?"

ತಿಳಿಯಿತು ಎಂದೆ. ದಿನಾ ಕೂತು ಬೆಂಕಿಯನ್ನು ರೆಪ್ಪೆ ಬಡಿಯದೆ ನೋಡುವುದನ್ನು ಕಲಿತೆ. ಆ ವಾರ ನನ್ನಂಥ ಹುರುಪಿನವನು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಇಂಟರ್‌ವ್ಯೂಗೆ ಎರಡು ದಿನ ಮೊದಲೇ ಹಳಿಯಾಳದಲ್ಲಿ ಬಸ್ಸು ಬದಲಿಸಿ ದಾಂಡೇಲಿಗೆ ಹೋಗಿ ಮಾವನ ಚಾಳಿನಲ್ಲಿ ಇಳಿದೆ. ಮರುದಿನ ಬೆಳಿಗ್ಗೆ ಮಾವ ಕೆಲಸಕ್ಕೆ ಹೋದ ಮೇಲೆ ಊರು ನೋಡಲು ಹೊರಟೆ. ಕಾರ್ಖಾನೆಯ ಪಕ್ಕ, ಬಿದಿರಿನ ಮೆದೆಗಳ ಆಚೆ ಹೊಸ ಶೆಡ್ಡು ಏಳುತ್ತಿತ್ತು. ಅಲ್ಲಿ ಒಬ್ಬ ಮನುಷ್ಯ ಮುಖಕ್ಕೆ ಕರಿ ಗಾಜು ಕೂರಿಸಿದ ಡಬ್ಬಿಯಂಥದ್ದು ಮುಚ್ಚಿಕೊಂಡು, ಕೈಯಲ್ಲಿ ಕಡ್ಡಿ ಹಿಡಿದು ಕಬ್ಬಿಣಕ್ಕೆ ಮುಟ್ಟಿಸುತ್ತಿದ್ದ. ಚರಚರ ಎಂದು ನೀಲಿ ಬೆಳಕು ಹಾರಿತು. ಇದ್ದಿಲಿಲ್ಲ, ತಿದಿಯಿಲ್ಲ, ಸುತ್ತಿಗೆಯಿಲ್ಲ, ಕಬ್ಬಿಣ ತಾನಾಗಿ ಕರಗಿ ಕೂಡುತ್ತಿದೆ. ನಾನು ಬೆರಗಾಗಿ ನಿಂತುಬಿಟ್ಟೆ.

ಆ ಮನುಷ್ಯ ಡಬ್ಬಿ ಸರಿಸಿ ನನ್ನತ್ತ ಜೋರಾಗಿ ಕೈ ಬೀಸಿ ಏನೋ ಕೂಗಿದ. ಆ ಗದ್ದಲದಲ್ಲಿ ಮಾತು ಕೇಳಿಸಲಿಲ್ಲ. ನಾನು ಅಂದುಕೊಂಡದ್ದು ಒಂದೇ. ಇವನೂ ಮೋನಪ್ಪ ಕಾಕಾನ ಹಾಗೆ, ತನ್ನ ವಿದ್ಯೆ ಕದಿಯುತ್ತಾರೆಂದು ಓಡಿಸುತ್ತಿದ್ದಾನೆ. ಬಿಡುವೆನೇ? ಬಿದಿರಿನ ಮೆದೆಯ ಹಿಂದೆ ಅಡಗಿ, ಸಂದಿಯಿಂದ ಕಣ್ಣು ಪಿಳುಕಿಸದೆ ಊಟದ ಹೊತ್ತಿನವರೆಗೂ ನೋಡಿದೆ. ನಾಳೆ ಏನು ಕೇಳಿದರೂ ಹೇಳುತ್ತೇನೆ ಎಂದು ಬೀಗುತ್ತ ಚಾಳಿಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ಕಣ್ಣಿನಲ್ಲಿ ಮರಳು ತುಂಬಿದಂತಾಯಿತು. ಉಜ್ಜಿದೆ. ಇನ್ನೂ ಹೆಚ್ಚಾಯಿತು. ಸ್ವಲ್ಪ ಹೊತ್ತಿನಲ್ಲಿ ಎರಡೂ ಕಣ್ಣು ಬಾತು, ನೀರು ಧಾರೆಯಾಗಿ ಸುರಿದು, ರೆಪ್ಪೆ ತೆರೆಯಲು ಬರದಾಯಿತು. ನಾನು ಕುರುಡನಾದೆ ಎಂದೇ ಅಂದುಕೊಂಡೆ. ಬೆಳಗಾದರೆ ಇಂಟರ್‌ವ್ಯೂ. ಗಂಡಸು ಎನ್ನುವುದನ್ನೂ ಮರೆತು ಅತ್ತುಬಿಟ್ಟೆ. ಮಾವನ ಹೆಂಡತಿ, ನನ್ನ ಅತ್ತಿ, "ನಿಮ್ಮವ್ವಗ ನಾ ಏನಂತ ಹೇಳ್ಲೆಪಾ" ಎಂದು ಕೈಕೈ ಹಿಸುಕಿಕೊಂಡಳು.

ಗದ್ದಲ ಕೇಳಿ ಪಕ್ಕದ ಮನೆಯ ಗಂಡಹೆಂಡತಿ ಬಂದರು. ಗಂಡ ಹುಸೇನಸಾಬ್ ನನ್ನನ್ನು ನೋಡಿದವನೇ ಹಣೆ ಬಡಿದುಕೊಂಡ. "ಅರೇ, ಇಂವಾ ಏನು? ನೋಡಬ್ಯಾಡೋ, ಕಣ್ಣ ಹೋಗ್ತಾವು ಅಂತ ಹೊಯ್ಕೊಂಡೆ. ಮಗಾ ಓಡಿ ಹೋದಾ ಅಂತ ತಿಳದಿದ್ದೆ."

"ಮೆದಿ ಹಿಂದ ಕುಂತು ನೋಡಿದ್ನಿರಿ" ಎಂದೆ. ಅವನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

ಅವನ ಹೆಂಡತಿ ಫಾತಿಮಾಬಿಯ ಕಂಕುಳಲ್ಲಿ ನಾಲ್ಕೈದು ತಿಂಗಳ ಕೂಸಿತ್ತು. ಅವಳು ಅತ್ತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಅಕ್ಕಾ, ಇವರಿಗೂ ಮೊದಲ ಹಿಂಗ ಆಗಿತ್ತು. ಎದಿಹಾಲು ಬಿಟ್ಟರ ತಂಪಾಗತಾವು. ನಾ ಕೊಡ್ತೇನಿ."

ಅತ್ತಿ ಹಿಂಜರಿದಳು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಚಾಳಿನಲ್ಲಿ ಅವರಿಬ್ಬರೂ ದಿನಾ ಕೂತು ಹರಟುತ್ತಿದ್ದರೂ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಇನ್ನು ಹಾಲಿನ ಮಾತೆಲ್ಲಿ? ಫಾತಿಮಾಬಿಗೂ ಅದು ಅರ್ಥವಾಯಿತು. "ನಿಮ್ಮ ಮನಸಿಗೆ ಬರದಿದ್ರ ಬ್ಯಾಡ ಅಕ್ಕಾ. ಖರೆ ಹುಡುಗಗ ನಾಳೆ ಇಂಟರ್‌ವ್ಯೂ ಐತಲ್ಲ, ಅದಕ್ಕ ಅಂದೆ" ಎಂದಳು. ಅವಳ ದನಿಯಲ್ಲಿ ಚೂರೂ ಬೇಸರವಿರಲಿಲ್ಲ.

"ಹಾಲು ಬಿಡ್ರಿ ಅಕ್ಕಾರ" ಎಂದು ನಾನೇ ಕೈಮುಗಿದೆ.

ಅವಳು ಒಳಗೆ ಹೋಗಿ ಕೂಸಿಗೆ ಕುಡಿಸುವ ಒಳಲೆಯಲ್ಲಿ ಹಾಲು ತಂದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ಅತ್ತಿ. ರೆಪ್ಪೆ ಬಿಡಿಸಿ ಹನಿಹನಿಯಾಗಿ ಬಿಟ್ಟವಳು ಫಾತಿಮಾಬಿ. ತಂಪು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಬೆಳಗಿನ ಜಾವ ಕೂಸಿಗೆ ಕುಡಿಸಲು ಎದ್ದಾಗ ಮತ್ತೆ ಬಂದು ಬಿಟ್ಟು ಹೋದಳು. ಹಾಲಿನಿಂದಲೋ, ಹೊತ್ತು ಕಳೆದಿದ್ದರಿಂದಲೋ, ಬೆಳಗಾದಾಗ ಕಣ್ಣು ತೆರೆಯಿತು. ಕೆಂಪು ಮಾತ್ರ ದಾಸವಾಳದ ಕೆಂಪು.

ಇಂಟರ್‌ವ್ಯೂಗೆ ಕೂತವರು ಇಬ್ಬರು, ಒಬ್ಬ ಸಾಹೇಬರು, ಒಬ್ಬ ಫೋರ್‌ಮನ್. ಸಾಹೇಬರು ನನ್ನ ಮುಖ ನೋಡಿದ್ದೇ ಪೆನ್ನು ಕೆಳಗಿಟ್ಟರು. "ನಿನ್ನೆ ಭಾಳ ಕುಡದೀಯೇನು?"

ಇಂಗ್ಲಿಷ್ ಉತ್ತರ ಎಲ್ಲಿ ಹೋಯಿತೋ ಗೊತ್ತಿಲ್ಲ. "ಇಲ್ರೀ ಸಾಹೇಬ್ರ. ಹೊಸಾ ಶೆಡ್ಡಿನಾಗ ವೆಲ್ಡಿಂಗ್ ನೋಡಿದ್ನಿರಿ. ಬರೇ ಕಣ್ಣಲೇ" ಎಂದೆ.

ಫೋರ್‌ಮನ್ ಮುಂದಕ್ಕೆ ಬಾಗಿದರು. "ಎಷ್ಟೊತ್ತು ನೋಡಿದಿ?"

"ಊಟದ ಹೊತ್ತಿನತನಾ ರೀ."

"ಏನು ಕಂಡಿತು ಹೇಳು ನೋಡೂಣು."

ಈಗ ನನಗೆ ಉಸಿರು ಬಂತು. ಕಡ್ಡಿಯ ತುದಿಯಲ್ಲಿ ಕಬ್ಬಿಣ ನೀರಾಗಿ ಒಂದು ಸಣ್ಣ ಗುಂಡಿಯಾಗುತ್ತದೆ, ಕಡ್ಡಿ ಹೋದಲ್ಲಿ ಆ ಗುಂಡಿಯೂ ಹಿಂದೆಯೇ ಹೋಗುತ್ತದೆ, ಕೈ ಅವಸರ ಮಾಡಿದರೆ ಬೆಸುಗೆ ತುಂಡಾಗುತ್ತದೆ, ತಣ್ಣಗಾದ ಮೇಲೆ ಬೆಲ್ಲದ ಕೊಪ್ಪರಿಗೆಯ ಹಾಗೆ ಮೇಲೊಂದು ಪದರು ಕಟ್ಟುತ್ತದೆ, ಅದನ್ನು ಬಡಿದು ತೆಗೆಯುತ್ತಾರೆ ಎಂದು ಕಂಡದ್ದನ್ನೆಲ್ಲ ಕೈ ಆಡಿಸುತ್ತ ಹೇಳಿದೆ. ಹೇಳುತ್ತ ಕುರ್ಚಿಯಿಂದ ಎದ್ದೇ ನಿಂತಿದ್ದೆ.

ಸಾಹೇಬರು ಕೇಳಿದರು. "ಕಣ್ಣು ಇಷ್ಟು ಉರದ ಮ್ಯಾಲೂ ಈ ಕೆಲಸ ಬೇಕನಸ್ತೈತೇನು?"

"ಬೇಕ್ರಿ. ಇನ್ನೊಮ್ಮೆ ನೋಡ್ಬೇಕ್ರಿ, ಆ ಕರೀ ಗಾಜಿನಾಗಿಂದ."

ಇಬ್ಬರೂ ಒಟ್ಟಿಗೆ ನಕ್ಕರು. ಸಂಜೆ ಗೇಟಿನಲ್ಲಿ ಆಯ್ಕೆಯಾದವರ ಹೆಸರು ಓದಿದರು. ನನ್ನ ಹೆಸರು ಕೇಳಿದ್ದೇ ತಡ, ಹೊಸ ಪ್ಯಾಂಟು ಎತ್ತಿ ಹಿಡಿದುಕೊಂಡು ಚಾಳಿನವರೆಗೂ ಓಡಿದೆ.

ಮಾವನ ಬಾಗಿಲು ದಾಟಿ ಮೊದಲು ಹೋದದ್ದು ಫಾತಿಮಾಬಿಯ ಕಟ್ಟೆಗೆ. ಕಾಲಿಗೆ ಬೀಳಲು ಬಾಗಿದರೆ ಅವಳು ಗಾಬರಿಯಾಗಿ ಹಿಂದೆ ಸರಿದಳು. ಸುದ್ದಿ ಹೇಳಿದೆ. ಅವಳು ತೊಡೆಯ ಮೇಲಿದ್ದ ಕೂಸನ್ನು ಎತ್ತಿ ನನ್ನ ಕಡೆ ತಿರುಗಿಸಿ, "ನೋಡೋ ಬಾಬಾ, ನಿಮ್ಮಣ್ಣಗ ನೌಕರಿ ಆತು" ಎಂದಳು. ಕೂಸು ನನ್ನ ಕೆಂಪು ಕಣ್ಣು ನೋಡಿ ಬಾಯಿ ತೆರೆದು ನಕ್ಕಿತು. ಹಿಂದೆ ನಿಂತಿದ್ದ ಅತ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಒಂದೆರಡು ವರ್ಷಕ್ಕೆ ಹುಸೇನಸಾಬ್ ಕೆಲಸ ಹುಡುಕಿಕೊಂಡು ಗೋವಾ ಕಡೆ ಹೋದ. ಆಮೇಲೆ ಅವರ ಸುದ್ದಿ ಸಿಗಲಿಲ್ಲ. ನಾನು ಮಾತ್ರ ಕರಿ ಗಾಜಿನ ಹಿಂದೆ ಇಡೀ ಆಯುಷ್ಯ ಕಳೆದೆ, ಕಣ್ಣುಗಳು ಇಂದಿಗೂ ಚೆನ್ನಾಗಿವೆ. ನಮ್ಮವ್ವನ ಹೊಟ್ಟೆಯಲ್ಲಿ ನಾನೇ ಕೊನೆಯವನು. ಆದರೆ ಯಾರಾದರೂ ತಮ್ಮಂದಿರು ಎಷ್ಟು ಮಂದಿ ಎಂದು ಕೇಳಿದರೆ, ಒಬ್ಬ ಇದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ ಎನ್ನುತ್ತೇನೆ.